ಹರಳಿನ ಮೈಮೇಲೆ ಏಳುವ ಗುಡ್ಡಗಳು

ಹೊಸೂರಿನ ಅಂಗಡಿಬೀದಿಯಲ್ಲಿ ಟಿ.ವಿ. ಮಾರುವ ಮಳಿಗೆಗಳ ಮುಂದೆ ನಿಂತವರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಮಾತು ಕಾಣಿಸುತ್ತಿದೆ: ಕ್ವಾಂಟಮ್ ಡಾಟ್. ಬಣ್ಣ ಹೆಚ್ಚು ಶುದ್ಧ, ಬೆಲೆಯೂ ಹೆಚ್ಚು ಎಂಬಷ್ಟನ್ನು ಮಾರಾಟಗಾರರು ಹೇಳಿಯಾರು. ಅದು ಏನು, ಎಲ್ಲಿ ಹುಟ್ಟುತ್ತದೆ ಎಂದು ಹತ್ತನೆಯ ತರಗತಿಯ ಮಗು ಮನೆಯಲ್ಲಿ ಕೇಳಿದರೆ ತಂದೆತಾಯಿಗಳು ಉತ್ತರವಿಲ್ಲದೆ ಸುಮ್ಮನಾಗುತ್ತಾರೆ. ‘ಅದೆಲ್ಲ ಇಂಗ್ಲಿಷಿನಲ್ಲಿ ಓದಿದವರಿಗೆ’ ಎಂಬ ಮಾತೂ ಕೆಲವು ಮನೆಗಳಲ್ಲಿ ಬಂದುಬಿಡುತ್ತದೆ. ಆ ಮಾತು ಸರಿಯಲ್ಲ. ಈ ವಿಷಯಕ್ಕೆ ಬೇಕಾದ ಮೂಲಸಾಮಗ್ರಿಯೆಲ್ಲ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿಯೇ ಇದೆ. ಆವರ್ತ ಕೋಷ್ಟಕ, ಒಂದಿಷ್ಟು ತ್ರಿಕೋನಮಿತಿ, ಘನಫಲ ಮತ್ತು ಮೇಲ್ಮೈ ವಿಸ್ತೀರ್ಣದ ಲೆಕ್ಕ, ಇಷ್ಟು ಸಾಕು.

ಕ್ವಾಂಟಮ್ ಚುಕ್ಕೆಯೆಂದರೆ ಅರೆವಾಹಕ ವಸ್ತುವಿನ ಅತಿ ಸಣ್ಣ ಹರಳು. ಅದರ ಅಗಲ ಕೆಲವು ನ್ಯಾನೋಮೀಟರುಗಳಿಂದ ಕೆಲವು ಹತ್ತು ನ್ಯಾನೋಮೀಟರುಗಳವರೆಗೆ ಇರುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನು ತನಗೆ ಇಷ್ಟಬಂದ ಶಕ್ತಿಯಲ್ಲಿ ಇರಲಾರದು. ವೀಣೆಯ ತಂತಿಯನ್ನು ಮೆಟ್ಟಿಲಿನ ಮೇಲೆ ಒತ್ತಿ ಉದ್ದ ಕಡಿಮೆ ಮಾಡಿದಷ್ಟೂ ಸ್ವರ ಏರುವಂತೆ, ಚುಕ್ಕೆ ಚಿಕ್ಕದಾದಷ್ಟೂ ಎಲೆಕ್ಟ್ರಾನಿನ ಶಕ್ತಿಯ ಮಟ್ಟಗಳು ಏರುತ್ತವೆ. ಹೊಮ್ಮುವ ಬೆಳಕು ಕೆಂಪಿನಿಂದ ನೀಲಿಯ ಕಡೆಗೆ ಸರಿಯುತ್ತದೆ. ವಸ್ತು ಅದೇ, ಗಾತ್ರ ಬೇರೆ, ಬಣ್ಣ ಬೇರೆ. 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಇದೇ ಕೆಲಸಕ್ಕಾಗಿ ಅಲೆಕ್ಸಿ ಎಕಿಮೋವ್, ಲೂಯಿಸ್ ಬ್ರೂಸ್, ಮೌಂಗಿ ಬಾವೆಂಡಿ ಎಂಬ ಮೂವರಿಗೆ ಸಂದಿತು.

ಟಿ.ವಿ.ಯೊಳಗಿನ ಚುಕ್ಕೆಗಳು ದ್ರಾವಣದಲ್ಲಿ ಬೆಂದು ಆದಂಥವು. ಒಂದು ಬಗೆಯ ಅಡುಗೆ ಎನ್ನಬಹುದು. ಇಂದು ಹೇಳಹೊರಟಿರುವುದು ಇನ್ನೊಂದು ಬಗೆಯ ಚುಕ್ಕೆಗಳ ಕಥೆ. ಅವು ಒಂದು ಹರಳಿನ ಸಪಾಟಾದ ಮೈಮೇಲೆ, ಯಾರೂ ಕೆತ್ತದೆ, ಯಾರೂ ಅಚ್ಚು ಹಾಕದೆ, ತಾವಾಗಿಯೇ ಗುಡ್ಡಗಳಂತೆ ಏಳುತ್ತವೆ. ಬೆಳೆಯುತ್ತ ಬೆಳೆಯುತ್ತ ಆಕಾರವನ್ನು ಬದಲಿಸುತ್ತವೆ. ನನ್ನ ಮಟ್ಟಿಗೆ ಟಿ.ವಿ.ಯ ಚುಕ್ಕೆಗಳಿಗಿಂತ ಇವುಗಳ ಕಥೆಯೇ ಹೆಚ್ಚು ಸ್ವಾರಸ್ಯದ್ದು.

ಮುಂಜಾನೆ ಕೆಲಮಂಗಲದ ಯಾವುದೇ ಬೀದಿಯಲ್ಲಿ ಬಾಗಿಲ ಮುಂದಿನ ಚುಕ್ಕಿ ರಂಗೋಲಿಯನ್ನು ನೋಡಿರಿ. ನುರಿತ ಕೈ ಚುಕ್ಕಿಗಳನ್ನು ಸಮಾನ ದೂರದಲ್ಲಿ, ಸಾಲು ತಪ್ಪದಂತೆ ಇಡುತ್ತದೆ. ಹರಳಿನೊಳಗೆ ಪರಮಾಣುಗಳು ಹೀಗೆಯೇ ಸಮದೂರದಲ್ಲಿ, ಆದರೆ ಮೂರು ಆಯಾಮಗಳಲ್ಲಿ, ನೆಲೆಗೊಂಡಿರುತ್ತವೆ. ಈ ಜೋಡಣೆಗೆ ಕನ್ನಡದಲ್ಲಿ ಜಾಲಕವೆಂದು ಹೆಸರು. ಸಿಲಿಕಾನಿನ ಜಾಲಕದಲ್ಲಿ ಒಂದು ಮನೆಯ ಅಳತೆ 0.543 ನ್ಯಾನೋಮೀಟರ್. ಆವರ್ತ ಕೋಷ್ಟಕದಲ್ಲಿ ಸಿಲಿಕಾನಿನ ಕೆಳಗೆ, ಅದೇ ಕಂಬಸಾಲಿನಲ್ಲಿ, ಜರ್ಮೇನಿಯಂ ಕುಳಿತಿದೆ. ಸಿಲಿಕಾನಿನ ಪರಮಾಣು ಸಂಖ್ಯೆ 14, ಜರ್ಮೇನಿಯಮ್ಮಿನದು 32. ಎರಡಕ್ಕೂ ಹೊರಕವಚದಲ್ಲಿ ನಾಲ್ಕೇ ಎಲೆಕ್ಟ್ರಾನುಗಳಿರುವುದರಿಂದ ಎರಡರ ಜಾಲಕವೂ ವಜ್ರದ ಜಾಲಕದ ಮಾದರಿಯದೇ. ಆದರೆ ಜರ್ಮೇನಿಯಮ್ಮಿನ ಮನೆ ತುಸು ದೊಡ್ಡದು, 0.566 ನ್ಯಾನೋಮೀಟರ್. ವ್ಯತ್ಯಾಸ ಶೇಕಡ 4.2ರಷ್ಟು.

ಈ ಸಣ್ಣ ವ್ಯತ್ಯಾಸವೇ ಮುಂದಿನ ಎಲ್ಲಕ್ಕೂ ಕಾರಣ. ತಾಯಿ ಇಟ್ಟ ಚುಕ್ಕಿಗಳ ಪಕ್ಕದಲ್ಲಿ ಮಗಳು ಒಂದಿಷ್ಟು ಅಗಲವಾದ ಅಂತರದಲ್ಲಿ ಚುಕ್ಕಿಯಿಡತೊಡಗಿದಳೆನ್ನಿ. ತಾಯಿಯದು 24 ಮನೆ ಮುಗಿಯುವ ಹೊತ್ತಿಗೆ ಮಗಳದು 23 ಮನೆ ಮಾತ್ರ ಮುಗಿದಿರುತ್ತದೆ. ನಡುವೆ ಎಲ್ಲಿಯೂ ಸಾಲು ಕೂಡುವುದಿಲ್ಲ. ಸಿಲಿಕಾನಿನ ಮೇಲೆ ಬಂದಿಳಿಯುವ ಜರ್ಮೇನಿಯಂ ಪರಮಾಣುಗಳು ಮೊದಮೊದಲು ಹಠ ಮಾಡುವುದಿಲ್ಲ. ಕೆಳಗಿನ ಸಾಲಿಗೆ ಹೊಂದಿಕೊಂಡು, ತಮ್ಮ ಅಂತರವನ್ನು ಕುಗ್ಗಿಸಿಕೊಂಡು ಕೂರುತ್ತವೆ. ಹೀಗೆ ಅದುಮಿಕೊಂಡು ಕೂತದ್ದರಿಂದ ಪದರದೊಳಗೆ ಬಿಗುವು ಸೇರುತ್ತದೆ. ಎರಡನೆಯ ಪದರ ಬಂದಾಗ ಬಿಗುವು ಇಮ್ಮಡಿ, ಮೂರನೆಯದು ಬಂದಾಗ ಮುಮ್ಮಡಿ. ಸುಮಾರು ಮೂರು ಪದರಗಳವರೆಗೆ ಮೈ ಸಪಾಟಾಗಿಯೇ ಇರುತ್ತದೆ. ಆ ಮೇಲೆ ಬರುವ ಪರಮಾಣುಗಳು ಹರಡಿಕೊಳ್ಳಲು ಒಪ್ಪದೆ ಅಲ್ಲಲ್ಲಿ ಗುಂಪುಗೂಡಿ ಗುಡ್ಡವಾಗುತ್ತವೆ.

ಒಂದು ವಸ್ತುವಿನ ಮೇಲೆ ಇನ್ನೊಂದು ಬೆಳೆಯುವುದರಲ್ಲಿ ಮೂರು ಬಗೆಗಳುಂಟು. ತೊಳೆದ ಗಾಜಿನ ಮೇಲೆ ನೀರು ತೆಳ್ಳಗೆ ಹರಡುವಂತೆ ಪದರ ಪದರವಾಗಿ ಬೆಳೆಯುವುದು ಒಂದು. ಕೆಸುವಿನ ಎಲೆಯ ಮೇಲೆ ನೀರು ಹನಿಯಾಗಿಯೇ ನಿಲ್ಲುವಂತೆ ಮೊದಲಿನಿಂದಲೇ ಗುಡ್ಡಗಳಾಗುವುದು ಮತ್ತೊಂದು. ಮೊದಲು ಹರಡಿ, ಆ ಮೇಲೆ ಗುಡ್ಡವಾಗುವುದು ಮೂರನೆಯದು. ಈ ಮೂರನೆಯ ಬಗೆಗೆ ಸ್ಟ್ರಾನ್‌ಸ್ಕಿ–ಕ್ರಸ್ಟನೋವ್ ಬೆಳವಣಿಗೆ ಎಂದು ಹೆಸರು. ಇವಾನ್ ಸ್ಟ್ರಾನ್‌ಸ್ಕಿ ಮತ್ತು ಲ್ಯುಬೊಮಿರ್ ಕ್ರಸ್ಟನೋವ್ ಇಬ್ಬರೂ ಬಲ್ಗೇರಿಯ ದೇಶದವರು. 1938ರಲ್ಲಿ ಅವರು ಉಪ್ಪಿನಂಥ ಅಯಾನಿಕ ಹರಳುಗಳ ಬಗ್ಗೆ ಮಾಡಿದ ಲೆಕ್ಕವದು. ಅರೆವಾಹಕ ಉದ್ಯಮ ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ಓದುಗರಿಗೆ ಇನ್ನೊಂದು ಸಂಗತಿಯೂ ಹಿಡಿಸೀತು. ಬಲ್ಗೇರಿಯದ ಈ ಇಬ್ಬರು ಆ ಲೇಖನವನ್ನು ಜರ್ಮನ್ ಭಾಷೆಯಲ್ಲಿ ಬರೆದು ವಿಯೆನ್ನಾದಲ್ಲಿ ಅಚ್ಚು ಮಾಡಿಸಿದರು. ಸಣ್ಣ ಭಾಷೆಯ ಮನೆಯಲ್ಲಿ ಬೆಳೆದವರು ಎರಡನೆಯ ಭಾಷೆಯೊಂದನ್ನು ಸಾಧನವಾಗಿ ಬಳಸಿದ ಉದಾಹರಣೆಗಳು ವಿಜ್ಞಾನದಲ್ಲಿ ಹೇರಳವಾಗಿವೆ.

ಇನ್ನು ಗುಡ್ಡ ಏಕೆ ಏಳಬೇಕು ಎಂಬ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸಪಾಟಾದ ಪದರದಲ್ಲಿ ಪರಮಾಣುವಿನ ಎಡಬಲಗಳಲ್ಲಿ ನೆರೆಯವರು ಒತ್ತಿಕೊಂಡಿದ್ದಾರೆ. ಸರಿದು ಕೂರಲು ಜಾಗವಿಲ್ಲ. ಗುಡ್ಡದಲ್ಲಾದರೋ ಬುಡ ಮಾತ್ರ ಕೆಳಗಿನ ಸಿಲಿಕಾನಿಗೆ ಅಂಟಿಕೊಂಡಿದೆ. ಮೇಲಕ್ಕೆ ಹೋದಂತೆ ಪಕ್ಕದಲ್ಲಿ ಬಯಲು. ಪರಮಾಣುಗಳು ಹೊರಕ್ಕೆ ಸ್ವಲ್ಪ ಸರಿದು ತಮ್ಮ ಸಹಜ ಅಂತರಕ್ಕೆ ಹತ್ತಿರ ಬರುತ್ತವೆ. ತುಂಬಿದ ಬಸ್ಸಿನ ಕಿಟಕಿಯಿಂದ ಮೊಣಕೈ ಹೊರಗಿಟ್ಟವರಿಗೆ ಸಿಗುವ ನೆಮ್ಮದಿಯಂಥದು ಇದು. ಹೀಗೆ ಬಿಗುವು ಸಡಿಲುವುದು ಲಾಭ. ನಷ್ಟವೆಂದರೆ ಗುಡ್ಡಕ್ಕೆ ಇಳಿಜಾರುಗಳಿರುವುದರಿಂದ ಒಟ್ಟು ಮೇಲ್ಮೈ ಹೆಚ್ಚುತ್ತದೆ. ಮೇಲ್ಮೈಯ ಪರಮಾಣುಗಳಿಗೆ ಒಂದು ಕಡೆ ನೆರೆಯವರಿಲ್ಲದೆ ಬಂಧಗಳು ಅರ್ಧಕ್ಕೇ ನಿಂತಿರುತ್ತವೆ. ಆದ್ದರಿಂದ ಮೇಲ್ಮೈಯನ್ನು ಹೆಚ್ಚಿಸಲು ಶಕ್ತಿಯನ್ನು ತೆರಬೇಕು.

ಲಾಭವು ಘನಫಲಕ್ಕೆ ಅನುಗುಣ, ನಷ್ಟವು ವಿಸ್ತೀರ್ಣಕ್ಕೆ ಅನುಗುಣ. ಆಕಾರ ಬದಲಾಗದೆ ಗುಡ್ಡದ ಬುಡ ಹತ್ತು ಪಟ್ಟಾದರೆ ವಿಸ್ತೀರ್ಣ ನೂರು ಪಟ್ಟು, ಘನಫಲ ಸಾವಿರ ಪಟ್ಟು. ಹಾಗಾಗಿ ತೀರ ಸಣ್ಣ ಗುಡ್ಡಕ್ಕೆ ನಷ್ಟವೇ ಹೆಚ್ಚಾಗಿ ಅದು ಕರಗಿಹೋಗುತ್ತದೆ. ಒಂದು ಗಾತ್ರವನ್ನು ದಾಟಿದ ಗುಡ್ಡಕ್ಕೆ ಲಾಭವೇ ಹೆಚ್ಚಾಗಿ ಅದು ಉಳಿದು ಬೆಳೆಯುತ್ತದೆ. ಘನದ ಘನಫಲ, ವಿಸ್ತೀರ್ಣಗಳ ಸೂತ್ರಗಳನ್ನು ಬಾಯಿಪಾಠ ಮಾಡಿಸುವಾಗ ಇಂಥದೊಂದು ಉದಾಹರಣೆಯನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ಆ ಸೂತ್ರಗಳ ಮೇಲೆ ಪ್ರೀತಿ ಬಂದೀತು.

ಬಹುಕಾಲ ಎಂಜಿನಿಯರುಗಳಿಗೆ ಈ ಗುಡ್ಡಗಳು ಬೇಡದ ಅತಿಥಿಗಳಾಗಿದ್ದವು. ಅವರಿಗೆ ಬೇಕಾದದ್ದು ಕನ್ನಡಿಯಂಥ ಸಪಾಟಾದ ಪದರ. ಅದನ್ನು ಬೆಳೆಸುವ ಯಂತ್ರವನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಆರ್ಥರ್, ಆಲ್ಫ್ರೆಡ್ ಚೋ ಮೊದಲಾದವರು ರೂಢಿಸಿದರು. ಮಾಲಿಕ್ಯುಲರ್ ಬೀಮ್ ಎಪಿಟ್ಯಾಕ್ಸಿ ಎಂಬುದು ಅದರ ಹೆಸರು. ‘ಎಪಿ’ ಎಂದರೆ ಗ್ರೀಕ್ ಭಾಷೆಯಲ್ಲಿ ‘ಮೇಲೆ’, ‘ಟ್ಯಾಕ್ಸಿಸ್’ ಎಂದರೆ ‘ಕ್ರಮವಾದ ಜೋಡಣೆ’. ಗಾಳಿಯನ್ನು ಪೂರ್ತಿ ಹೀರಿ ತೆಗೆದ ಉಕ್ಕಿನ ಕೋಣೆಯಲ್ಲಿ ಸಣ್ಣ ಕುಲುಮೆಗಳಿಂದ ಪರಮಾಣುಗಳು ಆವಿಯಾಗಿ ಹೊರಟು ಬಿಸಿಯಾದ ಹರಳಿನ ಮೇಲೆ ಬೀಳುತ್ತವೆ. ವೇಗ ಸಾಧಾರಣವಾಗಿ ಗಂಟೆಗೆ ಒಂದು ಮೈಕ್ರೋಮೀಟರ್, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಪರಮಾಣು ಪದರ. ಕೋಣೆಯಲ್ಲಿ ಗಾಳಿಯ ಲೇಶವಿದ್ದರೂ ಆಮ್ಲಜನಕ ಬಂದು ಮೈಮೇಲೆ ಕೂತು ಕೆಲಸ ಕೆಡುತ್ತದೆ. ಆದುದರಿಂದ ಆ ಯಂತ್ರದಲ್ಲಿ ಮುಕ್ಕಾಲು ಪಾಲು ಶ್ರಮ ಗಾಳಿಯನ್ನು ಹೊರಗಿಡುವುದಕ್ಕೇ ಆಗಿಬಿಡುತ್ತದೆ.

1990ರಲ್ಲಿ ಎರಡು ವರದಿಗಳು ದೃಷ್ಟಿಯನ್ನೇ ಬದಲಿಸಿದವು. ಗುಡ್ಡಗಳೆಂದರೆ ಒಳಗೆ ಜಾಲಕ ಮುರಿದುಹೋದ ದೋಷಗಳೆಂದು ಅದುವರೆಗಿನ ನಂಬಿಕೆ. ಸಿಲಿಕಾನಿನ ಮೇಲಿನ ಜರ್ಮೇನಿಯಂ ಗುಡ್ಡಗಳಲ್ಲಿ ಅಂಥ ಮುರುಕು ಇಲ್ಲದೆಯೂ ಇರಬಹುದೆಂದು ಈಗಲ್‌ಶಾಮ್ ಮತ್ತು ಸೆರುಲ್ಲೋ ತೋರಿಸಿದರು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೋ, ಲಗಾಲಿ ಮತ್ತು ಸಂಗಡಿಗರು ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದಲ್ಲಿ ಆ ಗುಡ್ಡಗಳ ಆಕಾರವನ್ನು ಸ್ಪಷ್ಟವಾಗಿ ಕಂಡರು. ಈ ಸೂಕ್ಷ್ಮದರ್ಶಕವು ಬೆಳಕಿನಿಂದ ನೋಡುವುದಿಲ್ಲ. ಅತಿ ಮೊನಚಾದ ಸೂಜಿಯನ್ನು ಮೈಗೆ ತಾಗದಂತೆ ಸವರಿಸುತ್ತ ಪರಮಾಣುಗಳ ಏರಿಳಿತವನ್ನು ಗುರುತಿಸುತ್ತದೆ. ಅದನ್ನು ನಿರ್ಮಿಸಿದ ಬಿನಿಗ್ ಮತ್ತು ರೋರರ್ 1986ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದಿದ್ದರು. ಕಂಡ ಆಕಾರಕ್ಕೆ ವಿಸ್ಕಾನ್ಸಿನ್ನಿನವರು ಇಟ್ಟ ಹೆಸರು ‘ಗುಡಿಸಲು’. ಎರಡು ಕಡೆ ಇಳಿಬಿಟ್ಟ ಸೂರು, ತುದಿಗಳಲ್ಲಿಯೂ ಇಳಿಜಾರು; ನಮ್ಮ ಕಡೆಯ ಹುಲ್ಲುಮನೆಯನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ.

ಆ ಸೂರಿನ ಇಳಿಜಾರು ಎಲ್ಲ ಗುಡಿಸಲುಗಳಲ್ಲಿಯೂ ಒಂದೇ. ಐದು ಅಳತೆ ನಡೆದರೆ ಒಂದು ಅಳತೆ ಏರು. ಹತ್ತನೆಯ ತರಗತಿಯವರು ಲೆಕ್ಕ ಮಾಡಲಿ: ಟ್ಯಾನ್ ಬೆಲೆ ಐದನೆಯ ಒಂದು ಭಾಗವಾದರೆ ಕೋನ 11.3 ಡಿಗ್ರಿ. ಮಣ್ಣಿನ ಗುಡ್ಡಕ್ಕೆ ಮಳೆ ಗಾಳಿ ಬಿದ್ದಂತೆ ಇಳಿಜಾರು ಬದಲಾಗುತ್ತದೆ. ಹರಳಿನ ಗುಡ್ಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಪರಮಾಣುಗಳು ಅಚ್ಚುಕಟ್ಟಾಗಿ ಕೂರಬಲ್ಲ ಕೆಲವೇ ಮುಖಗಳು ಅದಕ್ಕೆ ಸಾಧ್ಯ. ಕಲ್ಲುಸಕ್ಕರೆಯ ಹರಳಿನಲ್ಲಿ ಮುಖಗಳು ಕೂಡುವ ಕೋನ ಹರಳಿನಿಂದ ಹರಳಿಗೆ ಬದಲಾಗದಿರುವುದಕ್ಕೂ ಇದೇ ಕಾರಣ.

ಇಲ್ಲಿಂದ ಮುಂದೆ ಕಥೆಗೆ ರಭಸ ಬರುತ್ತದೆ. ಪರಮಾಣುಗಳು ಬೀಳುತ್ತಲೇ ಇವೆ, ಗುಡ್ಡ ದೊಡ್ಡದಾಗುತ್ತಲೇ ಇದೆ. ಮೊದಲು ಅದು ಚೌಕಬುಡದ ಪಿರಮಿಡ್ಡು. ಅದರ ಇಳಿಜಾರು ಸಣ್ಣದು, ಎತ್ತರ ಕಡಿಮೆ, ಆದ್ದರಿಂದ ಬಿಗುವು ಸಡಿಲುವುದೂ ಕಡಿಮೆ. ಗಾತ್ರ ಹೆಚ್ಚಿದಂತೆ ಒಳಗಿನ ಬಿಗುವಿನ ಸಾಲ ಏರುತ್ತದೆ. ಒಂದು ಹಂತದಲ್ಲಿ, ಇನ್ನಷ್ಟು ಕಡಿದಾದ ಮುಖಗಳನ್ನು ಕಟ್ಟಿಕೊಂಡು ಎತ್ತರಕ್ಕೆ ಏರುವುದೇ ಲಾಭಕರವಾಗುತ್ತದೆ. ಆಗ ಪಿರಮಿಡ್ಡು ಗುಮ್ಮಟವಾಗುತ್ತದೆ. ಗುಮ್ಮಟವೆಂದ ಮಾತ್ರಕ್ಕೆ ನುಣ್ಣನೆಯ ಗೋಳವಲ್ಲ. ಅನೇಕ ಮುಖಗಳ ವಜ್ರದಂಥ ರೂಪ. ಅದರಲ್ಲಿ 25 ಡಿಗ್ರಿಗೂ 33 ಡಿಗ್ರಿಗೂ ಮೇಲ್ಪಟ್ಟ ಇಳಿಜಾರುಗಳಿರುತ್ತವೆ. ಬದಲಾವಣೆ ಇಡೀ ಗುಡ್ಡ ಏಕಕಾಲಕ್ಕೆ ಉಬ್ಬುವಂತೆ ಆಗುವುದಿಲ್ಲ. ಒಂದು ಅಂಚಿನಲ್ಲಿ ಕಡಿದಾದ ಮುಖ ಕಾಣಿಸಿ, ಬಳಿಕ ಉಳಿದ ಕಡೆಗಳಿಗೆ ಹಬ್ಬುತ್ತದೆ. ನಡುವಿನ ಈ ಅಸಮ ರೂಪಗಳನ್ನು ಐಬಿಎಂ ಸಂಸ್ಥೆಯ ಫ್ರಾನ್ಸಿಸ್ ರಾಸ್ ಮತ್ತು ಸಂಗಡಿಗರು ಬೆಳವಣಿಗೆ ನಡೆಯುತ್ತಿರುವಾಗಲೇ ಸೂಕ್ಷ್ಮದರ್ಶಕದಲ್ಲಿ ಹಿಡಿದು 1999ರಲ್ಲಿ ಪ್ರಕಟಿಸಿದರು.

ಗುಮ್ಮಟವಾದ ಗುಡ್ಡದೊಳಗೆ ಬಿಗುವು ಕಡಿಮೆ. ಅಲ್ಲಿ ಪರಮಾಣುವಿಗೆ ನೆಮ್ಮದಿ ಹೆಚ್ಚು. ಹರಳಿನ ಮೈಮೇಲೆ ಅಲೆದಾಡುವ ಪರಮಾಣುಗಳು ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತವೆ. ಅಷ್ಟೇ ಅಲ್ಲ, ಇನ್ನೂ ಪಿರಮಿಡ್ಡಾಗಿಯೇ ಇರುವ ನೆರೆಯ ಸಣ್ಣ ಗುಡ್ಡಗಳಿಂದಲೂ ಪರಮಾಣುಗಳು ಒಂದೊಂದಾಗಿ ಕಳಚಿ ಬಂದು ಗುಮ್ಮಟವನ್ನು ಸೇರುತ್ತವೆ. ಸಣ್ಣವು ಸವೆದು ಮಾಯವಾಗುತ್ತವೆ. ಸಾಬೂನಿನ ನೊರೆಯಲ್ಲಿ ಸಣ್ಣ ಗುಳ್ಳೆಗಳು ಅಡಗಿ ದೊಡ್ಡವು ಇನ್ನೂ ದೊಡ್ಡವಾಗುವುದನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿ ಯಾರು ಬೇಕಾದರೂ ನೋಡಬಹುದು. ಇದೂ ಆ ಜಾತಿಯದೇ. ವ್ಯತ್ಯಾಸವೆಂದರೆ ಇಲ್ಲಿ ಆಕಾರ ಬದಲಾದ ಗಳಿಗೆಯಲ್ಲಿ ಬಲಾಬಲ ಥಟ್ಟನೆ ಮಗುಚುತ್ತದೆ. 1998ರಲ್ಲಿ ಇದರ ಬಗ್ಗೆ ಒಂದು ವಾದವೂ ನಡೆಯಿತು. ಪಿರಮಿಡ್ಡಿಗೂ ಗುಮ್ಮಟಕ್ಕೂ ತಮ್ಮ ತಮ್ಮ ಸ್ಥಿರವಾದ ಗಾತ್ರಗಳಿದ್ದು ಎರಡೂ ಜೊತೆಯಲ್ಲಿ ನೆಲೆನಿಲ್ಲಬಲ್ಲವೆಂದು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಗುಂಪು ಹೇಳಿತು. ಅಲ್ಲ, ಕಾಲಾವಕಾಶ ಕೊಟ್ಟರೆ ದೊಡ್ಡವು ಸಣ್ಣವನ್ನು ನುಂಗುತ್ತಲೇ ಹೋಗುತ್ತವೆಂದು ಐಬಿಎಂ ಗುಂಪು ಹೇಳಿತು. ನೋಡಿದ ಚಿತ್ರಗಳು ಒಂದೇ ಬಗೆಯವು, ಓದಿದ ಅರ್ಥ ಬೇರೆ ಬೇರೆ.

ಸಿಲಿಕಾನೂ ಸುಮ್ಮನೆ ಕೂರುವುದಿಲ್ಲ. ಕಾವು ಹೆಚ್ಚಾದಾಗ ಗುಡ್ಡದ ಬುಡದ ಸುತ್ತಲಿನ ಸಿಲಿಕಾನ್ ಪರಮಾಣುಗಳು ಎದ್ದು ಗುಡ್ಡದೊಳಗೆ ಬೆರೆಯುತ್ತವೆ. ಬುಡದ ಸುತ್ತ ಕಂದಕ ಬೀಳುತ್ತದೆ. ಬೆರಕೆಯಾದಷ್ಟೂ ಬಿಗುವು ಕಡಿಮೆಯಾಗಿ, ಗುಮ್ಮಟವಾಗುವ ಗಾತ್ರ ಮುಂದಕ್ಕೆ ಹೋಗುತ್ತದೆ. ಇನ್ನೂ ವಿಚಿತ್ರವಾದದ್ದು 2001ರಲ್ಲಿ ತಿಳಿಯಿತು. ಚುಕ್ಕೆಗಳನ್ನು ಉಪಕರಣದೊಳಗೆ ಬಳಸಬೇಕಾದರೆ ಅವುಗಳ ಮೇಲೆ ಮತ್ತೆ ಸಿಲಿಕಾನನ್ನು ಮುಚ್ಚಬೇಕು. ಹಾಗೆ ಮುಚ್ಚತೊಡಗಿದಾಗ ಗುಮ್ಮಟವು ತಿರುಗಿ ಪಿರಮಿಡ್ಡಾಗಿ, ಬಳಿಕ ಇನ್ನೂ ತಗ್ಗಿ, ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆಯುವುದನ್ನು ರಸ್ತೆಲ್ಲಿ ಮತ್ತು ಸಂಗಡಿಗರು ಕಂಡರು. ಎಂಜಿನಿಯರನಿಗೆ ಇದು ತಲೆನೋವೇ ಸರಿ. ಮುಚ್ಚುವ ಮೊದಲು ಅಳೆದ ಆಕಾರ ಮುಚ್ಚಿದ ಮೇಲೆ ಉಳಿದಿರುವುದಿಲ್ಲ.

ಇಷ್ಟಕ್ಕೂ ಇವುಗಳಿಂದ ಉಪಯೋಗವೇನು? ಸಿಲಿಕಾನ್–ಜರ್ಮೇನಿಯಂ ಜೋಡಿ ಬೆಳಕು ಕೊಡುವುದರಲ್ಲಿ ಹಿಂದೆ. ಅದು ನಿಯಮಗಳನ್ನು ಕಲಿಯಲು ಒದಗಿದ ಮಾದರಿ. ಕೆಲಸಕ್ಕೆ ಬಂದಿರುವುದು ಗ್ಯಾಲಿಯಂ ಆರ್ಸೆನೈಡಿನ ಮೇಲೆ ಬೆಳೆಯುವ ಇಂಡಿಯಂ ಆರ್ಸೆನೈಡಿನ ಚುಕ್ಕೆಗಳು. ಅಲ್ಲಿ ಜಾಲಕಗಳ ವ್ಯತ್ಯಾಸ ಶೇಕಡ 7ರಷ್ಟು. ಒಂದೂ ಮುಕ್ಕಾಲು ಪದರದ ಹೊತ್ತಿಗೇ ಗುಡ್ಡಗಳು ಎದ್ದುಬಿಡುತ್ತವೆ. ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸಾವಿರ ಕೋಟಿ ಚುಕ್ಕೆಗಳು ಏಳುವುದುಂಟು. ಭೂಮಿಯ ಮೇಲಿನ ಜನಸಂಖ್ಯೆ ಅದಕ್ಕಿಂತ ಕಡಿಮೆ. ಇವುಗಳಿಂದ ಮಾಡಿದ ಲೇಸರುಗಳು ಗಾಜಿನ ತಂತುಗಳಲ್ಲಿ ಸಂದೇಶವನ್ನು ಕಳಿಸಲು ಯೋಗ್ಯವಾದ ಅವರಕ್ತ ಬೆಳಕನ್ನು ಕೊಡುತ್ತವೆ, ಕಾವೇರಿದರೂ ಬೇಗ ಎಡವುವುದಿಲ್ಲ. ಒಂದೇ ಚುಕ್ಕೆಯನ್ನು ಬೇರ್ಪಡಿಸಿದರೆ ಅದು ಬೆಳಕಿನ ಕಣವನ್ನು ಒಂದೊಂದಾಗಿ ಎಣಿಸಿ ಬಿಡಬಲ್ಲದು. ಕದ್ದು ಓದಲಾಗದ ಸಂದೇಶವ್ಯವಸ್ಥೆಗೆ ಅಂಥ ದೀಪ ಬೇಕು. ಎಲ್ಲ ಚುಕ್ಕೆಗಳ ಗಾತ್ರ ಒಂದೇ ಆಗಿರಬೇಕೆಂಬ ಹಂಬಲ ಮಾತ್ರ ಇನ್ನೂ ಪೂರ್ತಿ ಕೈಗೂಡಿಲ್ಲ. ತಾವಾಗಿ ಬೆಳೆದವು ಒಂದೇ ಹೊಲದ ರಾಗಿ ತೆನೆಗಳಂತೆ, ಹತ್ತಿರ ಹತ್ತಿರವಿದ್ದರೂ ತದ್ರೂಪವಲ್ಲ.

ಇದು ಬಹು ದೂರದ ದೇಶಗಳ ಮಾತೆಂದು ಭಾವಿಸಬೇಕಿಲ್ಲ. ಕೆಲಮಂಗಲದಿಂದ ಹೊಸೂರು ದಾಟಿ ಬೆಂಗಳೂರಿಗೆ ಹೋದರೆ, ಅಲ್ಲಿ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ಸಿ.ಎನ್.ಆರ್. ರಾವ್ ಅದರ ಸ್ಥಾಪಕ ಅಧ್ಯಕ್ಷರು. ಅಲ್ಲಿ ಎಸ್.ಎಂ. ಶಿವಪ್ರಸಾದ್ ಅವರ ತಂಡ ನೀಲಮಣಿಯ ಹರಳಿನ ಮೇಲೆ ಗ್ಯಾಲಿಯಂ ನೈಟ್ರೈಡನ್ನು ಬೆಳೆಸಿ, ಸಪಾಟಾದ ಪದರದ ಬದಲು ಜೇನುಗೂಡಿನಂಥ ತೆಳುಗೋಡೆಗಳ ಜಾಲವನ್ನು ಪಡೆದಿದೆ. ನಮ್ಮ ಮನೆಗಳ ಎಲ್‌ಇಡಿ ದೀಪಗಳಲ್ಲಿ ಬೆಳಗುವುದು ಈ ಗ್ಯಾಲಿಯಂ ನೈಟ್ರೈಡಿನ ಬಳಗವೇ. ಮುಂಬಯಿಯ ಐಐಟಿಯಲ್ಲಿ ಇಂಡಿಯಂ ಆರ್ಸೆನೈಡಿನ ಚುಕ್ಕೆಗಳನ್ನು ಬೆಳೆಸಿ ಅವರಕ್ತ ಕಿರಣಗಳನ್ನು ಗುರುತಿಸುವ ಸಾಧನಗಳ ಮೇಲೆ ಕೆಲಸ ನಡೆದಿದೆ. 1909ರಷ್ಟು ಹಿಂದಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸಿನಲ್ಲಿ, ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಶಾಲೆಯ ಪ್ರವಾಸಕ್ಕೆ ಪ್ರತಿಸಲವೂ ಅದೇ ಅಣೆಕಟ್ಟು, ಅದೇ ಉದ್ಯಾನ ಎನ್ನುವ ಶಿಕ್ಷಕರು ಇದನ್ನೂ ಒಮ್ಮೆ ಆಲೋಚಿಸಬಹುದು.

ಪರಿಭಾಷೆಯ ಬಗ್ಗೆ ಒಂದು ಮಾತು. ಹತ್ತನೆಯ ತರಗತಿಯಾದ ಮೇಲೆ ನಮ್ಮ ಮಕ್ಕಳಲ್ಲಿ ಅನೇಕರು ಬೇರೆ ಮಾಧ್ಯಮಕ್ಕೆ ಹೋಗಬೇಕಾಗುತ್ತದೆ. ಆ ಮೊದಲ ವರ್ಷದ ಕಷ್ಟವನ್ನು ಎಷ್ಟೋ ಮನೆಗಳು ಬಲ್ಲವು. ಅಲ್ಲಿ ಜಾಲಕ ಲ್ಯಾಟಿಸ್ ಆಗುತ್ತದೆ, ಬಿಗುವು ಸ್ಟ್ರೇನ್ ಆಗುತ್ತದೆ, ಅರೆವಾಹಕ ಸೆಮಿಕಂಡಕ್ಟರ್ ಆಗುತ್ತದೆ, ಮೇಲ್ಮೈ ಸರ್ಫೇಸ್ ಆಗುತ್ತದೆ. ಎರಡು ಹೆಸರುಗಳನ್ನೂ ಒಂದು ಪುಸ್ತಕದಲ್ಲಿ ಎದುರು ಬದುರು ಬರೆದಿಟ್ಟುಕೊಂಡರೆ ಈ ಬೇಸಿಗೆಯಲ್ಲಿಯೇ ಅರ್ಧ ಕೆಲಸ ಮುಗಿದೀತು. ಗುಡ್ಡ ಏಕೆ ಏಳುತ್ತದೆಂದು ಕನ್ನಡದಲ್ಲಿ ತಿಳಿದ ಮಗು ಅಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಸರುಗಳನ್ನು ಮಾತ್ರ.

ಮನೆಯಲ್ಲಿ ಚುಕ್ಕೆಗಳನ್ನು ಬೆಳೆಸಲಾಗದು, ಹರಳುಗಳನ್ನು ಬೆಳೆಸಬಹುದು. ಬಿಸಿನೀರಿಗೆ ಉಪ್ಪನ್ನು ಇನ್ನು ಕರಗದು ಎನ್ನುವವರೆಗೆ ಹಾಕಿ ಕದಡಿ, ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಎರಡು ಪಾಲು ಮಾಡಿರಿ. ಒಂದು ಪಾಲನ್ನು ಅಗಲವಾದ ತಟ್ಟೆಯಲ್ಲಿ ಸುರಿದು ಬಿಸಿಲಿಗಿಡಿ. ಇನ್ನೊಂದನ್ನು ಗಾಜಿನ ಲೋಟದಲ್ಲಿ ತೆಳುಬಟ್ಟೆ ಮುಚ್ಚಿ, ಅಲುಗಾಡದ ನೆರಳಿನಲ್ಲಿ ಹತ್ತು ಹದಿನೈದು ದಿನ ಬಿಡಿ. ಬಿಸಿಲಿನ ತಟ್ಟೆಯಲ್ಲಿ ಅವಸರವಾಗಿ ಹುಟ್ಟಿದ ಅಸಂಖ್ಯ ಪುಡಿಹರಳುಗಳು ಕಾಣುತ್ತವೆ. ನೆರಳಿನ ಲೋಟದಲ್ಲಿ ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು. ಯಂತ್ರದೊಳಗಿನ ಚುಕ್ಕೆಗಳಲ್ಲಿಯೂ ಹಾಗೆಯೇ: ಪರಮಾಣುಗಳನ್ನು ಬೇಗ ಸುರಿದರೆ ಸಣ್ಣವು ಹಲವು, ನಿಧಾನವಾಗಿ ಸುರಿದರೆ ದೊಡ್ಡವು ಕೆಲವು. ಲೋಟದ ಹರಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಚೌಕನೆಯ ಮುಖಗಳೂ, ಕೆಲವು ಸಲ ಮುಖದ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ತಗ್ಗೂ ಕಾಣುತ್ತವೆ. ಅಂಚು ಮೊದಲು ಬೆಳೆದು ನಡುಭಾಗ ಹಿಂದುಳಿದುದರ ಗುರುತು ಅದು.